ಕುರಿ ಹುಡುಕುವ ಆಟ: ಚರ್ಚ್ ಬಾಲವಾಡಿಯ ಹೊಸ ಟೀಚರಿಗೆ ಹಂತ ಹಂತವಾಗಿ

ಚರ್ಚ್ ಅಥವಾ ಕಾನ್ವೆಂಟ್ ನಡೆಸುವ ಬಾಲವಾಡಿಗೆ ಹೊಸದಾಗಿ ಸೇರಿದ ಟೀಚರ ಕೈಗೆ ಮೊದಲ ದಿನವೇ ಒಂದು ಪಟ್ಟಿ ಬರುತ್ತದೆ. ಬೆಳಗಿನ ಪ್ರಾರ್ಥನೆ, ಆಕ್ಷನ್ ಸಾಂಗ್, ವಾರಕ್ಕೊಂದು ಬೈಬಲ್ ವಾಕ್ಯ ಬಾಯಿಪಾಠ, ಎಬಿಸಿಡಿ, ಅಆಇಈ, 1ರಿಂದ 50, ಬಣ್ಣಗಳ ಹೆಸರು. ಸಮಯ ಉಳಿದರೆ ಆಟ. ಆ ಕೊನೆಯ ಸಾಲನ್ನು ಮೇಲಕ್ಕೆ ತಂದು, ಉಳಿದದ್ದೆಲ್ಲ ಅದರೊಳಗೇ ಬರುವಂತೆ ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಮನಸ್ಸಿನಲ್ಲಿರುವುದು ಮಂಗಳೂರು, ಉಡುಪಿ ಕಡೆಯ ಬಾಲವಾಡಿ: 3ರಿಂದ 5 ವರ್ಷದ ಮಕ್ಕಳು, ಒಂದೇ ಕೋಣೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಗೋಡೆಯ ಮೇಲೆ ಯೇಸುವಿನ ಚಿತ್ರ. ಕುಳಿತ ಮಕ್ಕಳಲ್ಲಿ ಬಹಳಷ್ಟು ಮಂದಿ ಕ್ರೈಸ್ತರಲ್ಲ.

ದೇವರ ಹೆಸರಿನ ಶಾಲೆಯಲ್ಲಿ ಶಿಸ್ತು ಮುಖ್ಯ, ಆಟ ಮನೆಯಲ್ಲಿ ಆಡಿಕೊಳ್ಳಲಿ ಎನ್ನುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಅವರಿಗೆ ಹೇಳಲು ಸ್ವಲ್ಪ ಚರಿತ್ರೆ ಗೊತ್ತಿರಲಿ. 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಾಠಪುಸ್ತಕ ಮಾಡಿದ ಕೊಮೇನಿಯಸ್ ಒಬ್ಬ ಬಿಷಪ್. 1770ರ ಸುಮಾರಿಗೆ ಅಲ್ಸಾಸ್ ಬೆಟ್ಟದ ಹಳ್ಳಿಗಳಲ್ಲಿ ಪುಟ್ಟ ಮಕ್ಕಳಿಗೆ ಹಾಡು, ಹೆಣಿಗೆ ಕಲಿಸುವ ಮನೆಗಳನ್ನು ಬೆಳೆಸಿದ ಓಬರ್ಲಿನ್ ಒಬ್ಬ ಪಾದ್ರಿ. 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಫ್ರೋಬೆಲ್ ಪಾದ್ರಿಯ ಮಗ. ಮಗುವಿಗೆ ಅವರು ಕೊಟ್ಟ ಮೊದಲ ‘ಪಾಠ’ ಬಣ್ಣದ ಉಣ್ಣೆಯ ಚೆಂಡು. ತಮಾಷೆಯೆಂದರೆ, ಈ ಶಿಶುವಿಹಾರಗಳು ನಾಸ್ತಿಕತೆ ಹರಡುತ್ತವೆ ಎಂದು ಪ್ರಷ್ಯ ಸರ್ಕಾರ 1851ರಲ್ಲಿ ಅವುಗಳಿಗೆ ಬೀಗ ಹಾಕಿಸಿತು. ತೆರೆಯಲು ಬಿಟ್ಟದ್ದು 1860ರಲ್ಲಿ. ಮಕ್ಕಳನ್ನು ಆಡಲು ಬಿಟ್ಟವರ ಮೇಲೆ ಅನುಮಾನ ಪಡುವ ಅಭ್ಯಾಸವೂ ಅಷ್ಟೇ ಹಳೆಯದು.

ಹಂತ 1: ಮೊದಲ ವಾರ ಕಲಿಸಬೇಡಿ, ನೋಡಿ

ಆ ವಾರ ಅರ್ಧ ಮಕ್ಕಳು ಅಳುತ್ತಿರುತ್ತಾರೆ, ಕಲಿಸಲು ಹೊರಟರೂ ನಡೆಯುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಕ್ಕಳ ಎತ್ತರಕ್ಕೆ, ಅಂದರೆ ಚಾಪೆಯ ಮೇಲೆ, ಕುಳಿತುಕೊಳ್ಳಿ. ಯಾರು ಯಾವುದರ ಮುಂದೆ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಬಾಯಿಂದ ಬಂದ ಮಾತೇನು ಎಂದು ಬರೆಯಿರಿ. ಮಾತನ್ನು ಮಗು ಆಡಿದ ಭಾಷೆಯಲ್ಲೇ ಬರೆಯಬೇಕು. ಮಳೆಗೆ ಜಗಲಿ ಹತ್ತಿದ ಏಡಿಯನ್ನು ತುಳು ಮನೆಯ ಮಗು ಡೆಂಜಿ ಎನ್ನುತ್ತದೆ, ಕೊಂಕಣಿ ಮನೆಯದು ಕುರ್ಲಿ ಎನ್ನುತ್ತದೆ. ‘ಕ್ರ್ಯಾಬ್ ಅನ್ನಬೇಕು’ ಎಂದು ಆ ಗಳಿಗೆಯಲ್ಲೇ ತಿದ್ದಿದರೆ ಏಡಿಯ ಸಂಗತಿ ಅಲ್ಲಿಗೆ ಮುಗಿಯಿತು. ಬಗ್ಗಿ ಕಾಲು ಎಣಿಸುತ್ತಿದ್ದ ಮಗು ಏಡಿಯನ್ನು ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ. ಇಂಗ್ಲಿಷ್ ಹೆಸರು ನಾಳೆ ಹೇಳಿಕೊಟ್ಟರೂ ಆಗುತ್ತದೆ, ಏಡಿ ನಾಳೆ ಬರುವುದಿಲ್ಲ.

‘ಬಸವನಹುಳ ಬಾಗಿಲು ಹಾಕಿತು.’ ‘ಮಳೆಯ ಹತ್ತಿರ ಎಷ್ಟು ನೀರು ಉಂಟು?’ ‘ಚರ್ಚಿನ ಗಂಟೆ ಯಾರ ಮನೆಗೆ ಕೇಳ್ತದೆ?’ ಇಂಥ ನಾಲ್ಕು ಸಾಲು ಸಿಕ್ಕಿದರೆ ಜೂನ್, ಜುಲೈ ಎರಡು ತಿಂಗಳಿಗೆ ವಿಷಯ ಸಿಕ್ಕಿತೆಂದೇ ಲೆಕ್ಕ.

ಹಂತ 2: ಕೋಣೆಯನ್ನು ಮೂಲೆಗಳಾಗಿ ಮಾಡಿ

ಬೆಂಚುಗಳನ್ನು ಸಾಲಾಗಿ ಬೋರ್ಡಿಗೆ ಮುಖ ಮಾಡಿ ಇಟ್ಟರೆ ಆ ಕೋಣೆಯಲ್ಲಿ ಆಡುವುದಕ್ಕೆ ಆಗುವುದೇ ಇಲ್ಲ. ಅವನ್ನು ಗೋಡೆಗೆ ಸರಿಸಿ. ನಡುವೆ ದೊಡ್ಡ ಚಾಪೆ. ಒಂದು ಮೂಲೆ ಅಡುಗೆಮನೆ: ಗೆರಟೆ, ಮರದ ಸೌಟು, ಹಳೆಯ ಅಲ್ಯುಮಿನಿಯಂ ಪಾತ್ರೆ, ಅಡಿಕೆ ಹಾಳೆಯ ತಟ್ಟೆ. ಇನ್ನೊಂದು ಮೂಲೆ ಕಟ್ಟುವುದಕ್ಕೆ: ಬಡಗಿಯ ಹತ್ತಿರ ಕೇಳಿದರೆ ಮರದ ತುಂಡುಗಳನ್ನು ಸುಮ್ಮನೆ ಕೊಡುತ್ತಾರೆ, ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿಕೊಳ್ಳಿ, ಅಷ್ಟೆ. ಮತ್ತೊಂದರಲ್ಲಿ ಚಿತ್ರಪುಸ್ತಕ, ಎರಡು ದಿಂಬು. ನೀರು ಮತ್ತು ಮರಳು ಜಗಲಿಯಲ್ಲಿರಲಿ. ಕೋಣೆಯೊಳಗೆ ತಂದರೆ ಆಯಮ್ಮ ಎರಡನೇ ದಿನವೇ ಮುನಿಸಿಕೊಳ್ಳುತ್ತಾರೆ. ಅವರ ಮುನಿಸು ನ್ಯಾಯವಾದದ್ದು.

ವಸ್ತುಗಳು ಮಗುವಿನ ಕೈಗೆಟಕುವ ಕಪಾಟಿನಲ್ಲಿರಲಿ. ಬೀರುವಿಗೆ ಬೀಗ ಹಾಕಿ ‘ಇನ್‌ಸ್ಪೆಕ್ಷನ್ ದಿನ ತೆಗೆಯೋಣ’ ಎಂದಿಟ್ಟ ಆಟಿಕೆಗಳಿಗೆ ಗೆದ್ದಲು ಹಿಡಿಯುತ್ತದೆ. ಒಮ್ಮೆಗೆ ಎಲ್ಲವನ್ನೂ ಹೊರಗೆ ಹಾಕುವುದೂ ಬೇಡ. ಪ್ರತಿ ಮೂಲೆಯಲ್ಲಿ ಐದಾರು ಬಗೆಯ ಸಾಮಾನು ಸಾಕು, ಹದಿನೈದು ದಿನಕ್ಕೊಮ್ಮೆ ಎರಡನ್ನು ಬದಲಿಸಿ.

ಐದನೆಯ ಜಾಗ ಮಾತು ತಗ್ಗುವ ಮೂಲೆ. ಒಂದು ತಗ್ಗಿನ ಮೇಜು, ಬಿಳಿ ಬಟ್ಟೆ, ಹೂವಿನ ಲೋಟ, ಒಂದು ಶಿಲುಬೆ. 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸ್ಸೊರಿ, ಆಮೇಲೆ ಬಾರ್ಸಿಲೋನಾದಲ್ಲಿ ಮಕ್ಕಳ ಅಳತೆಗೇ ಮಾಡಿದ ಪ್ರಾರ್ಥನೆಯ ಕೋಣೆಯನ್ನೂ ಸಿದ್ಧಪಡಿಸಿದ್ದರು. (ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದಿಂದಾಗಿ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದರು, ನಮ್ಮಲ್ಲಿ ಊರೂರಿಗೂ ಅವರ ಹೆಸರಿನ ಶಾಲೆ ಇರುವುದಕ್ಕೆ ಅದೂ ಒಂದು ಕಾರಣ.) ಈ ಮೂಲೆಗೆ ಮಗು ತಾನಾಗಿ ಹೋಗಬೇಕು. ತಪ್ಪು ಮಾಡಿದ ಮಗುವನ್ನು ‘ಹೋಗು, ದೇವರ ಹತ್ತಿರ ಕೂತ್ಕೊ’ ಎಂದು ಕಳಿಸಿದ ದಿನ ಅದು ಶಿಕ್ಷೆಯ ಮೂಲೆಯಾಗುತ್ತದೆ, ಮತ್ತೆ ಸರಿಯಾಗುವುದು ಕಷ್ಟ.

ಮೂರು ಎಚ್ಚರಿಕೆ. ಗುಲಗಂಜಿ ಎಷ್ಟೇ ಚೆಂದವಿದ್ದರೂ ತರಗತಿಗೆ ಬೇಡ; ಅದರ ಬೀಜ ಜಗಿದರೆ ಕಡುವಿಷ. ಹುಣಸೆಬೀಜ, ಮಣಿ, ಗುಂಡಿಯಂಥವು ಮೂಗಿಗೂ ಗಂಟಲಿಗೂ ಹೋಗುವ ಅಳತೆಯವು, ಆದ್ದರಿಂದ ನಿಮ್ಮ ಕಣ್ಣೆದುರು ಮಾತ್ರ, ದೊಡ್ಡ ಮಕ್ಕಳಿಗೆ ಮಾತ್ರ. ನೀರಿನಾಟ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ. ಅಂಗೈ ಆಳದ ನೀರೂ ಪುಟ್ಟ ಮಗುವಿಗೆ ಅಪಾಯವೇ.

ಹಂತ 3: ಆಟಕ್ಕೆ ದೊಡ್ಡ ತುಂಡು ಸಮಯ ಕೊಡಿ

ಹತ್ತು ನಿಮಿಷದ ಆಟ ಆಟವಲ್ಲ. ಅಡುಗೆಮೂಲೆಯಲ್ಲಿ ಅಮ್ಮ ಯಾರು, ಮೀನು ತರುವವರು ಯಾರು ಎಂಬ ತೀರ್ಮಾನಕ್ಕೇ ಹದಿನೈದು ನಿಮಿಷ ಬೇಕು. ಗಂಟೆ ಹೊಡೆದರೆ ಅಡುಗೆ ಶುರುವಾಗುವುದೇ ಇಲ್ಲ. ಬೆಳಗ್ಗೆ ಒಂಬತ್ತರಿಂದ ಹನ್ನೆರಡೂವರೆಯ ಬಾಲವಾಡಿಯಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ತುಂಡಾಗದ ಹಾಗೆ, ಮಕ್ಕಳೇ ಆರಿಸಿಕೊಳ್ಳುವ ಆಟಕ್ಕೆ ಮೀಸಲಿಡಿ. ಅದಕ್ಕೆ ಮೊದಲು ಪ್ರಾರ್ಥನೆ ಮತ್ತು ಹಾಡು, ನಂತರ ತಿಂಡಿ, ತಿಂಡಿಯ ಮೇಲೆ ಕಥೆ, ಕೊನೆಗೆ ಅಂಗಳ. ಮಳೆಗಾಲದಲ್ಲಿ ಅಂಗಳದ ಬದಲು ಜಗಲಿ.

ಒಂದೇ ಬಗೆಯ ಆಟವೂ ಸಾಲದು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬುನಾದಿ ಹಂತಕ್ಕೆ ಮೂರು ಬಗೆ ಹೇಳುತ್ತದೆ: ಮಗು ತಾನೇ ನಡೆಸುವ ಆಟ, ಟೀಚರ್ ಪಕ್ಕದಲ್ಲಿದ್ದು ದಾರಿ ತೋರುವ ಆಟ, ನಿಯಮಗಳಿರುವ ಆಟ. ಈ ಹಂತದಲ್ಲಿ ಹೇಳಿದ ಆಟ ಮೊದಲ ಬಗೆಯದು, ಕುಂಟೆಬಿಲ್ಲೆ ಮೂರನೆಯದು. ಮುಂದೆ ಬರುವ ಕುರಿಯ ಕಥೆ ಎರಡರ ನಡುವೆ ಎಲ್ಲೋ ಇದೆ.

ಹಂತ 4: ಪ್ರಾರ್ಥನೆಗೆ ಒಪ್ಪಿಗೆ ಕೇಳಿ

ಇದನ್ನು ಹೆಚ್ಚಿನ ಕೈಪಿಡಿಗಳು ದಾಟಿಬಿಡುತ್ತವೆ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಅದೇ ಸಂವಿಧಾನದ 28ನೇ ವಿಧಿಯ 3ನೇ ಭಾಗ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಕಲಿಯುವ ಯಾರೂ ಅಲ್ಲಿಯ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಒಪ್ಪಿಗೆಯಿಲ್ಲದೆ ಕೂರಬೇಕಿಲ್ಲ ಎನ್ನುತ್ತದೆ. ಎಳೆಯರ ಪರವಾಗಿ ಒಪ್ಪಿಗೆ ಪೋಷಕರದ್ದು. ಆದ್ದರಿಂದ ಅಡ್ಮಿಶನ್ ಫಾರಂನಲ್ಲಿ ಒಂದು ಸಾಲು ಸೇರಿಸಲು ಹೆಡ್‌ಮಿಸ್ ಹತ್ತಿರ ಕೇಳಿ. ‘ಪ್ರಾರ್ಥನೆ ಮತ್ತು ಬೈಬಲ್ ಕಥೆಯ ಹೊತ್ತಿನಲ್ಲಿ ನಿಮ್ಮ ಮಗು ಇರಬಹುದೇ?’ ಎಂದು ಕನ್ನಡದಲ್ಲಿ, ಸಣ್ಣ ಅಕ್ಷರದಲ್ಲಿ ಮುಚ್ಚಿಡದೆ ಬರೆದಿರಲಿ. ಹೆಚ್ಚಿನವರು ‘ಇರಲಿ ಟೀಚರ್, ದೇವರ ಮಾತಲ್ವಾ’ ಎನ್ನುತ್ತಾರೆ. ಬೇಡ ಎಂದವರ ಮಗುವಿಗೆ ಆ ಹೊತ್ತಿನಲ್ಲಿ ಚಿತ್ರ ಬಿಡಿಸುವ ಕೆಲಸವೋ ಹೂವಿನ ಲೋಟಕ್ಕೆ ನೀರು ತುಂಬುವ ಕೆಲಸವೋ ಇರಬೇಕು. ಒಬ್ಬನೇ ಬಾಗಿಲ ಹೊರಗೆ ನಿಂತಿರುವ ಹಾಗಾಗಬಾರದು.

ಪ್ರಾರ್ಥನೆ ಎರಡು ನಿಮಿಷಕ್ಕಿಂತ ಉದ್ದವಾದರೆ 3 ವರ್ಷದ ಮಗು ಪಕ್ಕದವರ ಜಡೆ ಎಳೆಯುತ್ತದೆ, ಅದು ಅದರ ತಪ್ಪಲ್ಲ. ಬರೆದಿಟ್ಟ ಪ್ರಾರ್ಥನೆ ಒಂದು ಸಾಲು ಸಾಕು. ಆಮೇಲೆ ‘ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಹೇಳುವ?’ ಎಂದು ಕೇಳಿ. ನೀರುದೋಸೆಗೆ, ಅಜ್ಜಿಗೆ, ಹೊಸ ಕೊಡೆಗೆ, ಜೆಸಿಬಿಗೆ. ಜೆಸಿಬಿಗೆ ಥ್ಯಾಂಕ್ಸ್ ಹೇಳಿದ ಮಗುವನ್ನು ನೋಡಿ ನಗದೆ ಇರುವುದು ಟೀಚರ ಮೊದಲ ಪರೀಕ್ಷೆ. ಒಂದು ಮಗು ಕೈ ಜೋಡಿಸುತ್ತದೆ, ಇನ್ನೊಂದು ಬೊಗಸೆ ಒಡ್ಡುತ್ತದೆ, ಮತ್ತೊಂದು ಹಣೆಗೆ ಶಿಲುಬೆಯ ಗುರುತು ಹಾಕುತ್ತದೆ. ತಿದ್ದಲು ಹೋಗಬೇಡಿ.

ಹಂತ 5: ಕಥೆಯನ್ನು ಮುಟ್ಟಲು ಸಿಗುವ ಹಾಗೆ ಹೇಳಿ

ಶುರುವಿಗೆ ಒಂದೇ ಕಥೆ ಸಾಕು: ಕಳೆದುಹೋದ ಕುರಿ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ, ಹತ್ತು ಸಾಲಿನಲ್ಲಿ ಹೇಳಿ ಮುಗಿಸಬಹುದು. 1954ರಲ್ಲಿ ರೋಮಿನಲ್ಲಿ ಸೋಫಿಯಾ ಕವಲೆಟ್ಟಿ ಮತ್ತು ಜಾನ್ನಾ ಗೊಬ್ಬಿ ಎಂಬಿಬ್ಬರು ಮಾಂಟೆಸ್ಸೊರಿಯ ದಾರಿಯಲ್ಲಿ ಪುಟ್ಟ ಮಕ್ಕಳಿಗೆ ಬೈಬಲ್ ತೋರಿಸುವ ಕ್ರಮವೊಂದನ್ನು ಶುರುಮಾಡಿದರು. ಒಳ್ಳೆಯ ಕುರುಬನ ಕಥೆಯೇ ಅದರ ನಡುಗಂಬ. ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ಅದೇ ಬೇರಿನಿಂದ ಇನ್ನೊಂದು ಪದ್ಧತಿ ಬೆಳೆಸಿದರು, ಕಥೆಯ ಕೊನೆಗೆ ಉತ್ತರವಿಲ್ಲದ ಪ್ರಶ್ನೆ ಕೇಳಿ ಸುಮ್ಮನಾಗುವ ಪದ್ಧತಿ. ದುಬಾರಿ ಕಿಟ್ ಕೊಳ್ಳದೆ ಎರಡನ್ನೂ ನಮ್ಮ ಜಗಲಿಗೆ ಇಳಿಸಿಕೊಳ್ಳಬಹುದು.

ಬೇಕಾದದ್ದು: ಹಳೆಯ ಸೀರೆಯಿಂದ ಕತ್ತರಿಸಿದ ಹಸಿರು ಬಟ್ಟೆ, ನೀರಿಗೆ ನೀಲಿ ಪಟ್ಟಿ, ಕತ್ತಲ ಜಾಗಕ್ಕೆ ಕಪ್ಪು ಚೂರು, ಬೇಲಿಗೆ ಐಸ್‌ಕ್ಯಾಂಡಿ ಕಡ್ಡಿಗಳು, ರಟ್ಟಿಗೆ ಹತ್ತಿ ಅಂಟಿಸಿದ ಕುರಿಗಳು, ಒಬ್ಬ ಕುರುಬ. ಕಥೆಯಲ್ಲಿ ಕುರಿ ನೂರು. ಬಟ್ಟೆಯ ಮೇಲೆ ಹತ್ತು ಸಾಕು, ಈ ವಯಸ್ಸಿನ ಎಣಿಕೆಗೆ ಅದೇ ಸರಿ. ನಮ್ಮ ಕರಾವಳಿಯ ಮಕ್ಕಳಲ್ಲಿ ಕುರಿಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಹಿಂದಿನ ದಿನವೇ ಚಿತ್ರ ತೋರಿಸಿ, ಬಯಲುಸೀಮೆಯ ಕುರಿಗಾಹಿಗಳ ಬಗ್ಗೆ, ಕಂಬಳಿಯ ಬಗ್ಗೆ ಮಾತಾಡಿ. ಒಂದು ಕಂಬಳಿ ಸಿಕ್ಕಿದರೆ ಕೆನ್ನೆಗೆ ಒತ್ತಿಕೊಂಡು ನೋಡಲಿ. ಚುಚ್ಚುತ್ತದೆ ಎಂದು ಎಲ್ಲರೂ ಒಮ್ಮೆಗೇ ಕೂಗುತ್ತಾರೆ.

ಹೇಳುವಾಗ ನಿಮ್ಮ ಕಣ್ಣು ಮಕ್ಕಳ ಮೇಲಲ್ಲ, ಕುರಿಗಳ ಮೇಲಿರಲಿ. ನೀವು ನೋಡುವ ಕಡೆಯೇ ಅವರೂ ನೋಡುತ್ತಾರೆ. ನಿಧಾನವಾಗಿ ಕುರಿಗಳನ್ನು ಒಂದೊಂದಾಗಿ ನಡೆಸಿ. ಎಣಿಸಿ. ಒಂದು ಕಡಿಮೆ ಬಂದಾಗ ನಿಲ್ಲಿಸಿ, ಮೌನವಾಗಿರಿ. ಯಾರಾದರೂ ‘ಒಂದು ಇಲ್ಲ!’ ಎನ್ನುವ ತನಕ ಕಾಯಿರಿ. ಕುರುಬ ಹುಡುಕಿ ಹೆಗಲ ಮೇಲೆ ಹೊತ್ತು ತರಲಿ. ಅಲ್ಲಿಗೆ ಕಥೆ ಮುಗಿಯಿತು. ‘ಆದ್ದರಿಂದ ಮಕ್ಕಳೇ, ಅಮ್ಮನ ಮಾತು ಕೇಳಬೇಕು, ದೂರ ಹೋಗಬಾರದು’ ಎಂಬ ಬಾಲವನ್ನು ದಯವಿಟ್ಟು ಅಂಟಿಸಬೇಡಿ. ಆ ಬಾಲ ಲೂಕನಲ್ಲೂ ಇಲ್ಲ.

ಬಾಲದ ಬದಲು ಕೇಳಿ: ‘ಆ ಕುರಿಗೆ ಒಂದು ಹೆಸರಿತ್ತಾ ಏನೋ?’ ‘ಕತ್ತಲಲ್ಲಿ ಅದಕ್ಕೆ ಏನು ಕೇಳಿಸಿರಬಹುದು?’ ‘ನಿಮಗೆ ಇದರಲ್ಲಿ ಯಾವ ಜಾಗ ಇಷ್ಟ?’ ಯಾರೂ ಮಾತಾಡದಿದ್ದರೆ ಪರವಾಗಿಲ್ಲ, ಮನಸ್ಸಿನಲ್ಲೇ ಹತ್ತು ಎಣಿಸಿ. ಮಾತು ಬರುತ್ತದೆ, ಬಂದಾಗ ನಿಮ್ಮನ್ನು ಕಂಗಾಲು ಮಾಡುವಂಥದ್ದೇ ಬರುತ್ತದೆ.

‘ಟೀಚರ್, ಬಾಕಿ ಕುರಿಗಳನ್ನು ಯಾರು ನೋಡ್ಲಿಕ್ಕೆ?’

ದೊಡ್ಡ ದೊಡ್ಡ ವ್ಯಾಖ್ಯಾನಕಾರರೂ ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ. ‘ಹೌದಲ್ಲ, ಯಾರು ನೋಡಿಕೊಂಡಿರಬಹುದು?’ ಎಂದು ಪ್ರಶ್ನೆಯನ್ನು ಚಾಪೆಯ ನಡುವೆ ಇಡಿ. ನಾಯಿ ನೋಡಿತು, ಅವನ ಹೆಂಡತಿ ನೋಡಿದಳು, ಕುರಿಗಳೇ ಒಂದನ್ನೊಂದು ನೋಡಿಕೊಂಡವು ಎಂದೆಲ್ಲ ಬರುತ್ತದೆ. ಆಮೇಲೆ ಬಟ್ಟೆ, ಕುರಿ, ಕುರುಬನನ್ನು ಬುಟ್ಟಿಯಲ್ಲಿಟ್ಟು ಮಾತು ತಗ್ಗುವ ಮೂಲೆಯ ಕಪಾಟಿಗೆ ಸೇರಿಸಿ, ಯಾರು ಬೇಕಾದರೂ ತೆಗೆದು ಆಡಬಹುದು. ಮಾರನೆಯ ದಿನ ಕುರಿಯನ್ನು ದಿಂಬಿನಡಿ ಬಚ್ಚಿಟ್ಟು ಹುಡುಕುವ ಆಟ ಶುರುವಾಗಿದ್ದರೆ ಕಥೆ ಮಕ್ಕಳ ಕೈ ಸೇರಿತು ಎಂದು ತಿಳಿಯಿರಿ. ಕುರುಬನನ್ನೇ ಬಚ್ಚಿಟ್ಟು ಕುರಿಗಳು ಹುಡುಕುವ ಹಾಗೆ ಆಡಿದರೂ ತಡೆಯಬೇಡಿ.

ಹಂತ 6: ಪ್ರಶ್ನೆ ಬಂದಾಗ ಏನು ಮಾಡಬೇಕು

ಪ್ರಶ್ನೆಗಳು ಮೂರು ಬಗೆಯವು, ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ನೋಡಿ ತಿಳಿಯಬಹುದಾದವು ಮೊದಲನೆಯವು. ‘ಬಸವನಹುಳಕ್ಕೆ ಹಲ್ಲು ಉಂಟಾ?’ ಉತ್ತರ ನಿಮಗೆ ಗೊತ್ತಿದ್ದರೂ ತಡೆದುಕೊಳ್ಳಿ. ಗಾಜಿನ ಮೇಲೆ ಹುಳವನ್ನು ಬಿಟ್ಟು ಅಡಿಯಿಂದ ನೋಡಲಿ, ಬಸಳೆ ಎಲೆ ಕೊಟ್ಟು ಮಾರನೆಯ ದಿನ ತೂತು ನೋಡಲಿ. ಆಮೇಲೆ ಬಿಡಿ ಮನೆಗೆ, ಹುಳವನ್ನೂ ಮಕ್ಕಳನ್ನೂ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಸುವುದನ್ನು ಮರೆಯಬೇಡಿ.

ಎರಡನೆಯವು ನೇರ ಉತ್ತರ ಬೇಡುವವು. ಮನೆಯಲ್ಲಿ ಸಾವಾದ ಮಗು ‘ಅಜ್ಜ ಯಾವಾಗ ಬರ್ತಾರೆ?’ ಎಂದರೆ ‘ನಿನಗೇನನ್ನಿಸ್ತದೆ?’ ಎಂದು ತಿರುಗಿಸುವುದು ಕ್ರೌರ್ಯ. ‘ಅಜ್ಜ ತೀರಿಕೊಂಡಿದ್ದಾರೆ ಪುಟ್ಟಾ, ಇನ್ನು ಬರುವುದಿಲ್ಲ’ ಎಂದು ಹೇಳಿ ಹತ್ತಿರ ಕೂರಿಸಿಕೊಳ್ಳಿ. ‘ನಿದ್ದೆ ಮಾಡ್ತಿದ್ದಾರೆ’ ಎಂದರೆ ಮಗು ರಾತ್ರಿ ಮಲಗಲು ಹೆದರಬಹುದು. ಸ್ವರ್ಗದ ಮಾತು ಆ ಮನೆಯವರು ಹೇಗೆ ಹೇಳಿದ್ದಾರೋ ಹಾಗೆ ಇರಲಿ. ನಿಮ್ಮದನ್ನು ಮೇಲೆ ಹೇರಬೇಡಿ.

ಮೂರನೆಯವು ದೇವರ ಬಗ್ಗೆ. ‘ದೇವರಿಗೆ ಮಳೆಯಲ್ಲಿ ಒದ್ದೆ ಆಗುದಿಲ್ವಾ?’ ಇದಕ್ಕೆ ಬೆರಗಾಗಿ, ಅಷ್ಟೇ ಸಾಕು. ‘ನಿಮ್ಮ ದೇವರು, ನಮ್ಮ ದೇವರು ಬೇರೆಯಾ?’ ಎಂಬುದು ಸ್ವಲ್ಪ ಬಿಗಿಯಾದದ್ದು. ಯೇಸು ಮಾತ್ರ ನಿಜ ಎಂದು 4 ವರ್ಷದ ಮಗುವಿಗೆ ಹೇಳಿ, ಅದರ ಮನೆಯ ದೇವರಕೋಣೆಯ ವಿರುದ್ಧ ನಿಲ್ಲಿಸುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ‘ನಾನು ಯೇಸುವಿಗೆ ಪ್ರಾರ್ಥನೆ ಮಾಡ್ತೇನೆ. ನಿಮ್ಮನೆಯಲ್ಲಿ ಅಮ್ಮ ಹೇಗೆ ಮಾಡ್ತಾರೆ, ಹೇಳು’ ಎನ್ನಿ. ನಂಬಿಕೆಯನ್ನು ಮುಚ್ಚಿಟ್ಟ ಹಾಗೂ ಆಗಲಿಲ್ಲ, ಮಗುವನ್ನು ಸಿಕ್ಕಿಸಿದ ಹಾಗೂ ಆಗಲಿಲ್ಲ.

ಹಂತ 7: ಹಬ್ಬಗಳನ್ನು ಬೀಜದಿಂದ ಶುರುಮಾಡಿ

ನಮ್ಮ ಕಡೆಯ ಚರ್ಚ್ ಕ್ಯಾಲೆಂಡರಿನಲ್ಲೇ ಪ್ರಕೃತಿ ಪಾಠ ಅಡಗಿದೆ. ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟಿದ ದಿನ, ಮಂಗಳೂರಿನ ಕೆಥೊಲಿಕರಿಗೆ ಮೊಂತಿ ಫೆಸ್ತ್, ಊರಿನವರ ಬಾಯಲ್ಲಿ ತೆನೆಹಬ್ಬ. ಅದಕ್ಕೆ ಮೊದಲ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನಿಗೆ ಎರಚುತ್ತಾರೆ, ಹಬ್ಬದಂದು ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಈ ಒಂಬತ್ತು ದಿನ ಕಳೆದುಕೊಳ್ಳಬೇಡಿ. ಬಂದ ಹೂಗಳನ್ನು ಮೊದಲು ಚಾಪೆಗೆ ಸುರಿದು ಬಣ್ಣದ ಪ್ರಕಾರ ರಾಶಿ ಮಾಡಿಸಿ. ಒಂಟಿ ದಾಸವಾಳದ ಎಸಳು ಎಣಿಸಿದರೆ ಐದು, ಗೋರಂಟೆಯ ಪರಿಮಳ ಹೇಗಿದೆ, ಯಾವುದು ಮಧ್ಯಾಹ್ನಕ್ಕೆ ಮುದುಡಿತು. ತೆನೆಯೊಂದನ್ನು ಉಜ್ಜಿ, ಭತ್ತದ ಹೊಟ್ಟು ಬಿಡಿಸಿ, ಒಳಗಿನ ಅಕ್ಕಿ ನೋಡಲಿ. ಅಕ್ಕಿ ಅಂಗಡಿಯಲ್ಲಿ ಹುಟ್ಟುತ್ತದೆ ಎಂದುಕೊಂಡ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ. ‘ನಮ್ಮಲ್ಲೂ ತೆನೆ ಕಟ್ಲಿಕ್ಕುಂಟು’ ಎಂದು ತುಳು ಮನೆಯ ಮಗು ಹೇಳಿಯೇ ಹೇಳುತ್ತದೆ. ಅದರ ಅಜ್ಜಿಯನ್ನು ಒಂದು ಬೆಳಿಗ್ಗೆ ಶಾಲೆಗೆ ಕರೆಯಿರಿ, ಹೊಸ ಅಕ್ಕಿ ಊಟದ ಕಥೆ ಅವರ ಬಾಯಿಂದಲೇ ಬರಲಿ.

ಸಾಸಿವೆಕಾಳಿನ ಸಾಮತಿಗೆ ಅಡುಗೆಮನೆಯ ಡಬ್ಬಿ ಸಾಕು. ಪ್ರತಿ ಮಗುವಿನ ಬೆರಳ ತುದಿಗೆ ಒಂದು ಕಾಳು ಅಂಟಿಸಿ, ಸುಮ್ಮನೆ ನೋಡಲಿ. ಆಮೇಲೆ ಒದ್ದೆ ಹತ್ತಿಯ ಮೇಲೆ ಒಂದು ತಟ್ಟೆ, ಒಣ ಹತ್ತಿಯ ಮೇಲೆ ಇನ್ನೊಂದು, ಒದ್ದೆಯದೇ ಕಪಾಟಿನ ಕತ್ತಲಲ್ಲಿ ಮೂರನೆಯದು. ಎರಡು ಮೂರು ದಿನಕ್ಕೆ ಮೊಳಕೆ ಬರುತ್ತದೆ. ಕತ್ತಲಿನದು ಬಿಳಚಿಕೊಂಡು ಉದ್ದವಾಗಿರುತ್ತದೆ. ಯಾಕೆ ಎಂದು ಹೇಳುವ ಮೊದಲು ಅವರು ಏನೆನ್ನುತ್ತಾರೆ ಕೇಳಿ. ಕಥೆಯಲ್ಲಿ ಸಾಸಿವೆ ಹಕ್ಕಿಗಳು ಬಂದು ಕೂರುವಷ್ಟು ದೊಡ್ಡ ಮರವಾಗುತ್ತದೆ, ನಮ್ಮ ಸಾಸಿವೆ ಗಿಡ ಅಷ್ಟಾಗುವುದಿಲ್ಲ. ಜಾಣ ಮಗು ಇದನ್ನು ಹಿಡಿದು ಕೇಳಿದರೆ ಗಡಿಬಿಡಿಯಿಂದ ಸಮರ್ಥನೆಗೆ ಇಳಿಯಬೇಡಿ. ಕಥೆ ಹೇಳಿದವರಿಗೂ ಸಾಸಿವೆ ಗಿಡ ಗೊತ್ತಿತ್ತು, ಆದರೂ ಮರ ಅಂದರು, ಯಾಕಿರಬಹುದು?

ಡಿಸೆಂಬರಿನಲ್ಲಿ ಕ್ರಿಸ್ಮಸ್‌ಗೆ ಎಂಟು ಹತ್ತು ದಿನ ಇರುವಾಗ ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿ. ರಜೆಗೆ ಮೊದಲೇ ಗೋದಲಿ ಇಡುವುದಾದರೆ ಬಿತ್ತನೆಯನ್ನೂ ಅಷ್ಟೇ ಹಿಂದೆ ಸರಿಸಿಕೊಳ್ಳಿ. ಗೋದಲಿಯ ಸುತ್ತ ಮಕ್ಕಳೇ ಬೆಳೆದ ಹಸಿರು ಗದ್ದೆ ಬರುತ್ತದೆ, ಅಂಗಡಿಯ ಪ್ಲಾಸ್ಟಿಕ್ ಹುಲ್ಲು ಬೇಕಾಗುವುದಿಲ್ಲ. ಇನ್ನೊಂದು ಬೆಳಿಗ್ಗೆ ಹಿಟ್ಟು ಕಲಸಿ ಕೊಡಿ: ಕ್ರಿಸ್ಮಸ್ ತಿಂಡಿ ಕುಸ್ವಾರಿನ ಕಿಡಿಯೊ ಮಾಡಲು ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಕರಿಯುವುದು ಅಡುಗೆಮನೆಯಲ್ಲಿ, ಮಕ್ಕಳಿಂದ ದೂರ.

ಹಂತ 8: ಅಂಕೆ, ಅಕ್ಷರಗಳನ್ನು ಆಟದೊಳಗೆ ಸೇರಿಸಿ

ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಎಷ್ಟೋ ಕಂಪನಿಗಳು ಬಂದವು. ಹಳೆಯ ಹಂಚಿನ ಮೇಲೆ ಅವರವರ ಹೆಸರು, ಗುರುತು ಉಬ್ಬಿ ನಿಂತಿರುತ್ತವೆ. ಹಳೆಯ ಮನೆ ಕೆಡವಿದ ಕಡೆಯಿಂದ ನಾಲ್ಕು ಹಂಚು ತಂದು ತೊಳೆದು ಇಡಿ. ಅದರ ಮೇಲೆ ತೆಳುವಾದ ಕಾಗದ ಹಾಸಿ, ಕ್ರೇಯಾನನ್ನು ಅಡ್ಡಲಾಗಿ ಹಿಡಿದು ಉಜ್ಜಿದರೆ ಅಕ್ಷರಗಳು ಕಾಗದದ ಮೇಲೆ ಎದ್ದುಬರುತ್ತವೆ. ಎಬಿಸಿಡಿ ಬರೆಯಲು ಅಳುವ ಮಗುವೂ ಇದನ್ನು ಬಿಟ್ಟೇಳುವುದಿಲ್ಲ. ‘ಇದು ನನ್ನ ಹೆಸರಿನ ಎಮ್!’ ಎಂದು ಯಾರೋ ಕೂಗುತ್ತಾರೆ. ಒಡೆದ ಚೂರಿನ ಅಂಚು ಉಜ್ಜಿ ನಯ ಮಾಡಿದರೆ ಕುಂಟೆಬಿಲ್ಲೆಗೂ ಆಯಿತು.

ಎಣಿಕೆಗೆ ಐದು ರೊಟ್ಟಿ, ಎರಡು ಮೀನಿನ ಕಥೆ. ಮಣ್ಣಿನ ರೊಟ್ಟಿ ಮಾಡಲಿ. ಮೀನಿನ ಹೆಸರನ್ನು ಮಕ್ಕಳೇ ಇಡುತ್ತಾರೆ, ಬಂಗುಡೆಯೋ ಬೂತಾಯಿಯೋ ಎಂಬ ವಾದ ನಡೆಯಲಿ. ಉಳಿದ ತುಂಡುಗಳು ಹನ್ನೆರಡು ಬುಟ್ಟಿ, ಗೆರಟೆಗಳೇ ಬುಟ್ಟಿ.

ಅಳತೆಗೆ ನೋಹನ ನಾವೆಗಿಂತ ಒಳ್ಳೆಯದು ಬೇರಿಲ್ಲ. ಉದ್ದ 300 ಮೊಳ, ಅಗಲ 50, ಎತ್ತರ 30. ಹೂವಿನವರು ಮೊಳ ಹಾಕುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಒಂದು ಮೊಳ ಸುಮಾರು 45 ಸೆಂಟಿಮೀಟರ್ ಹಿಡಿದರೆ ನಾವೆ 135 ಮೀಟರ್, ಫುಟ್‌ಬಾಲ್ ಮೈದಾನಕ್ಕಿಂತ ಉದ್ದ. ಅದು ನಿಮಗಿರಲಿ. ಮಕ್ಕಳು ತಮ್ಮ ಮೊಳಕೈಯಿಂದ ಜಗಲಿಯನ್ನು ಅಳೆಯಲಿ. ಒಬ್ಬಳಿಗೆ 22 ಬರುತ್ತದೆ, ಇನ್ನೊಬ್ಬನಿಗೆ 25, ಆಯಮ್ಮನಿಗೆ 14. ಜಗಲಿ ಒಂದೇ, ಲೆಕ್ಕ ಯಾಕೆ ಬೇರೆ? ಯುಕೆಜಿಯ ಮಕ್ಕಳು ಕೈ ಪಕ್ಕ ಪಕ್ಕ ಇಟ್ಟು ನೋಡಿ ತಾವೇ ಕಂಡುಕೊಳ್ಳುವ ಸಾಧ್ಯತೆ ಉಂಟು. ಕಂಡುಕೊಳ್ಳದಿದ್ದರೆ ಮುಂದಿನ ವಾರ ಮತ್ತೊಮ್ಮೆ ಅಳೆಯಿರಿ.

ಹಂತ 9: ಜಗಳ

ಆಟ ಇದ್ದಲ್ಲಿ ಜಗಳ ಇರುತ್ತದೆ. ಇಬ್ಬರ ಕೈ ಹಿಡಿದು ‘ಸಾರಿ ಹೇಳು, ಯೇಸು ನೋಡ್ತಾರೆ’ ಎನ್ನುವುದು ಸುಲಭ, ಆದರೆ ಅದರಿಂದ ಮಗು ಕಲಿಯುವುದು ಸಾರಿ ಎಂಬ ಶಬ್ದ ಮತ್ತು ಯೇಸುವಿನ ಹೆದರಿಕೆ. ಪೆಟ್ಟಾದವರನ್ನು ಮೊದಲು ನೋಡಿ. ನಂತರ ಇನ್ನೊಬ್ಬರಿಗೆ ‘ಅವಳಿಗೆ ಈಗ ಏನು ಬೇಕು, ಕೇಳು’ ಎನ್ನಿ. ನೀರು ತಂದುಕೊಡುವುದು, ಬಿದ್ದ ಗೋಪುರವನ್ನು ಸೇರಿ ಕಟ್ಟುವುದು, ಏನಾದರೂ ಒಂದು. ಕ್ಷಮೆಯ ಪಾಠ ಇಷ್ಟೇ, ಮೇಲೆ ಭಾಷಣ ಬೇಡ.

ಹಂತ 10: ಹೆತ್ತವರಿಗೂ ಆಡಳಿತಕ್ಕೂ ತೋರಿಸಿ

‘ಪಕ್ಕದ ಶಾಲೆಯ ಮಗು ನೂರರ ತನಕ ಬರೀತದೆ, ನಮ್ಮವನು ಮಣ್ಣಲ್ಲಿ ಆಡಿ ಬರ್ತಾನೆ’ ಎಂಬ ದೂರು ಆಗಸ್ಟ್ ಒಳಗೆ ಬರುತ್ತದೆ. ಅವರು ಫೀಸು ಕಟ್ಟಿದ್ದಾರೆ, ಆತಂಕ ಸಹಜ. ವಾದ ಮಾಡುವ ಬದಲು ಒಂದು ಶನಿವಾರ ಅವರನ್ನೇ ಚಾಪೆಯ ಮೇಲೆ ಕೂರಿಸಿ ಕಿಡಿಯೊ ಸುತ್ತಿಸಿ. ಪೆನ್ಸಿಲ್ ಹಿಡಿಯುವ ಮೂರು ಬೆರಳುಗಳೇ ಅಲ್ಲೂ ದುಡಿಯುತ್ತವೆ ಎಂದು ಅವರ ಬೆರಳೇ ಅವರಿಗೆ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಐದು ವರ್ಷವನ್ನು ಒಂದೇ ಬುನಾದಿ ಹಂತವೆಂದು ಹಿಡಿದು, ಆ ಹಂತದ ಕಲಿಕೆ ಆಟದಿಂದಲೇ ಆಗಬೇಕು ಎಂದಿದೆ ಎಂಬುದನ್ನೂ ತಿಳಿಸಿ. ಸಿಸ್ಟರ್ ಹೇಳಿದರೆ ನಂಬದವರು ಸರ್ಕಾರ ಹೇಳಿದರೆ ನಂಬುತ್ತಾರೆ, ಕೆಲವರು ಉಲ್ಟಾ.

ಪ್ರತಿ ಮಗುವಿಗೂ ಒಂದು ಫೈಲ್ ಇರಲಿ. ಅಂಕ, ಗ್ರೇಡ್ ಬೇಡ. ಮಗು ಮಾಡಿದ್ದು, ಆಡಿದ ಮಾತು, ದಿನಾಂಕ. ‘ಮಗಳು ಚುರುಕು’ ಎಂಬುದಕ್ಕಿಂತ ‘ಮಗಳು ಮೂರು ತಟ್ಟೆ ಸಾಸಿವೆಯನ್ನು ದಿನಾ ನೋಡಿ, ಒಣಗಿದ್ದಕ್ಕೆ ತಾನೇ ನೀರು ಹಾಕಿದಳು’ ಎಂಬ ಸಾಲನ್ನು ತಾಯಿ ಎರಡು ಸಲ ಓದುತ್ತಾರೆ.

ಇಷ್ಟಾದ ಮೇಲೂ ಆಡಳಿತ ಮಂಡಳಿ ವರ್ಕ್‌ಶೀಟ್ ಬೇಕೇ ಬೇಕು ಎಂದರೆ ಜಟಾಪಟಿಗೆ ಇಳಿಯಬೇಡಿ. ಯುಕೆಜಿಗೆ ಮಾತ್ರ, ವಾರಕ್ಕೆ ಒಂದೇ ಹಾಳೆ, ಅದೂ ಶುಕ್ರವಾರ ಎಂದು ಒಪ್ಪಿಸಿ. ಹಂಚು ಉಜ್ಜಿದ ಕಾಗದ, ಜಗಲಿಯ ಮೊಳದ ಗೀಟುಗಳು, ಎಸಳು ಎಣಿಸಿ ಬಿಡಿಸಿದ ದಾಸವಾಳ, ಎಲ್ಲಕ್ಕೂ ಮೇಲೆ ‘ವರ್ಕ್‌ಶೀಟ್’ ಎಂದು ಬರೆದು ನಂಬರ್ ಹಾಕಿ ಫೈಲಿಗೆ ಸೇರಿಸಿ. ತಪಾಸಣೆಗೆ ಬರುವವರಿಗೆ ಹೆಚ್ಚಾಗಿ ಫೈಲ್ ದಪ್ಪವಾಗಿದ್ದರೆ ಆಯಿತು.